‘ಕ್ಯಾನ್ಸರ್ ಅಲ್ಲ’ ಎಂದ ಮೇಲೂ ಶ್ವಾಸನಾಳದ ಗಂಟನ್ನು ತೆಗೆಸಬೇಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ 66 ವರ್ಷ. 9 ವರ್ಷಗಳಿಂದ ಸಿಒಪಿಡಿಗೆ (ಶ್ವಾಸನಾಳಗಳು ಕಿರಿದಾಗಿ ಉಸಿರು ಹೊರಬಿಡಲು ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಚಿಕಿತ್ಸೆ ಪಡೆಯುತ್ತಿದ್ದಾರೆ. ಸಿಗರೇಟು ಬಿಟ್ಟು 4 ವರ್ಷವಾಯಿತು. ಕಳೆದ 8 ತಿಂಗಳಲ್ಲಿ ಎರಡು ಬಾರಿ ಎಡ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಎರಡನೆಯ ಸಲ ಮಾಡಿಸಿದ ಸಿ.ಟಿ. ಸ್ಕ್ಯಾನಿನಲ್ಲಿ ಎಡ ಕೆಳಹಾಲೆಗೆ (ಎಡ ಶ್ವಾಸಕೋಶದ ಕೆಳಗಿನ ವಿಭಾಗ) ಹೋಗುವ ಶ್ವಾಸನಾಳದ ಬಾಯಲ್ಲೇ 11 ಮಿ.ಮೀ. ಗಂಟು ಕಾಣಿಸಿತು. ಬ್ರಾಂಕೋಸ್ಕೋಪಿ (ಕೊಳವೆ ಇಳಿಸಿ ಶ್ವಾಸನಾಳದ ಒಳಗೆ ನೋಡುವ ಪರೀಕ್ಷೆ) ಮಾಡಿದವರು ‘ನುಣುಪಾದ, ತೊಟ್ಟು ಇರುವ ಗಂಟು, ನಾಳದ ಮುಕ್ಕಾಲು ಪಾಲು ಮುಚ್ಚಿದೆ’ ಎಂದು ಬರೆದಿದ್ದಾರೆ. ಬಯಾಪ್ಸಿ ವರದಿಯಲ್ಲಿ ‘ದೀರ್ಘಕಾಲದ ಉರಿಯೂತ, ಕ್ಯಾನ್ಸರ್ ಕೋಶಗಳು ಕಂಡುಬಂದಿಲ್ಲ’ ಎಂದಿದೆ. ಅವರ ಎಫ್‌ಇವಿ1 (ಉಸಿರು ಊದುವ ಸಾಮರ್ಥ್ಯದ ಅಳತೆ) ಇರಬೇಕಾದುದರ ಶೇ 46, ವಿಶ್ರಾಂತಿಯಲ್ಲಿ ಆಮ್ಲಜನಕದ ಮಟ್ಟ ಶೇ 92. ಒಬ್ಬ ವೈದ್ಯರು ಅರಿವಳಿಕೆ ಕೊಟ್ಟು ಬಾಯಿಯ ಮೂಲಕವೇ ಗಂಟನ್ನು ತೆಗೆಯಬಹುದು ಎನ್ನುತ್ತಾರೆ. ಇನ್ನೊಬ್ಬರು ಆ ಹಾಲೆಯನ್ನೇ ಕತ್ತರಿಸಿ ತೆಗೆಯುವುದು ಸುರಕ್ಷಿತ ಎನ್ನುತ್ತಾರೆ. ಮನೆಯ ಹಿರಿಯರು ಮಾತ್ರ ‘ಕ್ಯಾನ್ಸರ್ ಅಲ್ಲವಲ್ಲ, ಕೆಣಕಬೇಡಿ, ಕೆಣಕಿದರೆ ಹರಡುತ್ತದೆ’ ಎಂದು ಪಟ್ಟು ಹಿಡಿದಿದ್ದಾರೆ. ಇಷ್ಟು ವರ್ಷ ಎಳೆದ ಇನ್‌ಹೇಲರಿನಿಂದಲೇ ಈ ಗಂಟು ಬೆಳೆಯಿತೇ? ಇಂಥ ಶ್ವಾಸಕೋಶ ಅರಿವಳಿಕೆಯನ್ನು ತಡೆದೀತೇ? ಗಂಟು ಹೋದರೆ ಉಬ್ಬಸವೂ ಹೋಗುತ್ತದೆಯೇ?

ಉತ್ತರ: ಇಬ್ಬರು ವೈದ್ಯರು ಎರಡು ದಾರಿ ತೋರಿಸಿದ್ದಾರೆ, ಮನೆಯ ಹಿರಿಯರು ಮೂರನೆಯದನ್ನು ತೋರಿಸಿದ್ದಾರೆ, ನೀವು ಮಾತ್ರ ಮೂರಕ್ಕೂ ಹೆದರಿ ನಿಂತಿದ್ದೀರಿ. ಕಾದರೆ ಮತ್ತೊಂದು ನ್ಯುಮೋನಿಯಾ ಬಂದೀತೆಂಬ ಭಯ, ತೆಗೆಸಲು ಹೋದರೆ ತಂದೆಯವರು ವೆಂಟಿಲೇಟರಿನಿಂದ ಹೊರಬಾರದೇ ಹೋದಾರೆಂಬ ಭಯ. ಎರಡೂ ಆಧಾರವಿಲ್ಲದ ಭಯಗಳಲ್ಲ. ಆದರೆ ‘ತೆಗೆಸುವುದೋ ಬಿಡುವುದೋ’ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಕಂಡುಕೊಳ್ಳಬೇಕಾದ ಎರಡು ಪ್ರಶ್ನೆಗಳು ನಿಮ್ಮ ಪತ್ರದಲ್ಲಿ ಅಡಗಿವೆ: ಈ ಗಂಟಿನ ಹೆಸರೇನು, ಮತ್ತು ತಂದೆಯವರ ಏದುಸಿರಿನಲ್ಲಿ ಅದರ ಪಾಲು ಎಷ್ಟು. ಮೊದಲನೆಯದು ಇನ್ನೂ ತೀರ್ಮಾನವಾಗಿಲ್ಲ ಎಂಬುದೇ ನಿಮ್ಮ ಪತ್ರ ಓದಿದಾಗ ನನಗೆ ಹೊಳೆದ ಮೊದಲ ಮಾತು.

‘ಕ್ಯಾನ್ಸರ್ ಕೋಶಗಳು ಕಂಡುಬಂದಿಲ್ಲ’ ಎಂಬ ವಾಕ್ಯವನ್ನು ಮನೆಯವರೆಲ್ಲ ‘ಕ್ಯಾನ್ಸರ್ ಅಲ್ಲ’ ಎಂದು ಓದಿಕೊಂಡಿದ್ದೀರಿ. ಎರಡಕ್ಕೂ ದೊಡ್ಡ ಅಂತರವಿದೆ. ಬ್ರಾಂಕೋಸ್ಕೋಪಿನ ಒಳಗಿಂದ ಹೋಗುವ ಇಕ್ಕುಳದ ಬಾಯಿ ಎರಡು ಮಿಲಿಮೀಟರಿನ ಆಸುಪಾಸಿನದು. ಅದು ಕಚ್ಚಿ ತರುವುದು ಅಕ್ಕಿಕಾಳಿಗಿಂತ ಚಿಕ್ಕ ಚೂರು. ಶ್ವಾಸನಾಳದ ಅನೇಕ ಗಂಟುಗಳ ಮೈಮೇಲೆ ಯಥಾಸ್ಥಿತಿಯ ಒಳಪೊರೆಯೇ ಹೊದಿಕೆಯಂತೆ ಹರಡಿಕೊಂಡಿರುತ್ತದೆ, ಒಳಗಿನ ತಿರುಳು ಬೇರೆಯೇ ಇರುತ್ತದೆ. ನುಣುಪಾದ, ಗಟ್ಟಿಯಾದ ಗಂಟಿನ ಮೇಲೆ ಇಕ್ಕುಳ ಜಾರುತ್ತದೆ, ಸಿಕ್ಕಷ್ಟು ಹೊದಿಕೆಯನ್ನು ಕಿತ್ತುಕೊಂಡು ಬರುತ್ತದೆ. ರೋಗಶಾಸ್ತ್ರಜ್ಞರು ತಮ್ಮ ಕೈಗೆ ಬಂದದ್ದನ್ನು ನೋಡಿ ‘ಉರಿಯೂತ’ ಎಂದು ಪ್ರಾಮಾಣಿಕವಾಗಿಯೇ ಬರೆಯುತ್ತಾರೆ. ಹಾಗಾಗಿ ಬಯಾಪ್ಸಿ ವರದಿಯಲ್ಲಿ ನಾನು ಹುಡುಕುವುದು ‘ಏನು ಇಲ್ಲ’ ಎಂಬುದನ್ನಲ್ಲ, ‘ಏನು ಇದೆ’ ಎಂಬುದನ್ನು. ಹಮಾರ್ಟೋಮಾ, ಲೈಪೋಮಾ, ಪ್ಯಾಪಿಲೋಮಾ ಎಂಬಂಥ ಒಂದು ಗಡ್ಡೆಯ ಹೆಸರು ಅಲ್ಲಿ ಇದ್ದರೆ ಅದು ಉತ್ತರ. ಬರಿಯ ‘ಉರಿಯೂತ’ ಇದ್ದರೆ, ಅದೂ ಸಿಗರೇಟು ಸೇದುತ್ತಿದ್ದವರಲ್ಲಿ, ಅದು ಉತ್ತರವೇ ಅಲ್ಲ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ವೃತ್ತಿಯ ಆರಂಭದ ವರ್ಷಗಳಲ್ಲಿ ಇಂಥದ್ದೇ ಒಂದು ವರದಿಯನ್ನು ನಂಬಿ ಒಬ್ಬರಿಗೆ ‘ಆರು ತಿಂಗಳು ನೋಡೋಣ’ ಎಂದಿದ್ದೆ. ಆರು ತಿಂಗಳ ಬಳಿಕ ಗಂಟನ್ನು ಪೂರ್ತಿ ತೆಗೆದು ಪರೀಕ್ಷೆಗೆ ಕಳುಹಿಸಿದಾಗ ಬಂದ ಹೆಸರು ಕಾರ್ಸಿನಾಯ್ಡ್. ಅದು ನಿಧಾನವಾಗಿ ಬೆಳೆಯುವುದಾದರೂ ಕ್ಯಾನ್ಸರಿನ ಗುಂಪಿಗೇ ಸೇರಿದ್ದು, ಹೊರನೋಟಕ್ಕೆ ಮಾತ್ರ ಅತ್ಯಂತ ಸಾಧು ಗಂಟಿನಂತೆ ನುಣುಪಾಗಿ, ದುಂಡಗೆ ಇರುತ್ತದೆ. ಆ ರೋಗಿಗೆ ಅದೃಷ್ಟವಶಾತ್ ಹೆಚ್ಚಿನ ತೊಂದರೆಯಾಗಲಿಲ್ಲ. ಅಂದಿನಿಂದ ಹೆಸರಿಲ್ಲದ ಗಂಟನ್ನು ನಾನು ನಿರಪಾಯಕಾರಿ ಎಂದು ಕರೆಯುವುದಿಲ್ಲ. ಪೆಟ್ ಸ್ಕ್ಯಾನಿನಲ್ಲಿ (ಚುರುಕಾದ ಗಡ್ಡೆಗಳು ಹೊಳೆದು ಕಾಣುವ ಸ್ಕ್ಯಾನ್) ‘ಹೊಳಪು ಕಡಿಮೆ’ ಎಂದು ಬಂದರೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಹಮಾರ್ಟೋಮಾ ಹೇಗೋ ಹಾಗೆಯೇ ಕಾರ್ಸಿನಾಯ್ಡ್ ಕೂಡ ಅನೇಕ ಬಾರಿ ಅದರಲ್ಲಿ ಮಂಕಾಗಿಯೇ ಕಾಣುತ್ತದೆ.

ತಂದೆಯವರ ಗಂಟು ಏನೇನು ಇರಬಹುದು? ಶ್ವಾಸಕೋಶದ ನಿರಪಾಯಕಾರಿ ಗಡ್ಡೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಹಮಾರ್ಟೋಮಾ. ಕೊಬ್ಬು, ಮೃದ್ವಸ್ಥಿ, ನಾರು, ಅಂದರೆ ಅಲ್ಲಿ ಇರಬೇಕಾದ ಅಂಗಾಂಶಗಳೇ ಕ್ರಮ ತಪ್ಪಿ ಉಂಡೆ ಕಟ್ಟಿಕೊಂಡಂಥದ್ದು. ಅದು ಹೆಚ್ಚಾಗಿ ಶ್ವಾಸಕೋಶದ ಅಂಚಿನ ಭಾಗದಲ್ಲಿ ಇರುತ್ತದೆ, ನಾಳದ ಒಳಗೆ ಬೆಳೆಯುವುದು ಕೆಲವರಲ್ಲಿ ಮಾತ್ರ. ಬರೀ ಕೊಬ್ಬಿನದಾದರೆ ಲೈಪೋಮಾ. ಅದು ಇನ್ನೂ ಅಪರೂಪ. ಇವೆರಡನ್ನು ಗುರುತಿಸಲು ಸಿ.ಟಿ. ಸ್ಕ್ಯಾನ್ ಬಹಳ ಸಹಾಯ ಮಾಡುತ್ತದೆ: ಆ ಯಂತ್ರದ ಅಳತೆಯಲ್ಲಿ ನೀರಿಗೆ 0 ಅಂಕವಾದರೆ ಕೊಬ್ಬಿಗೆ ಸುಮಾರು −40ರಿಂದ −120. ಗಂಟಿನೊಳಗೆ ಅಷ್ಟು ಕಡಿಮೆ ಅಂಕ ಸಿಕ್ಕಿದರೆ ಅಲ್ಲಿ ಕೊಬ್ಬಿದೆ ಎಂದೇ ಅರ್ಥ, ಕ್ಯಾನ್ಸರಿನಲ್ಲಿ ಹಾಗಿರುವುದು ತೀರಾ ಅಪರೂಪ. ನಿಮ್ಮ ತಂದೆಯವರ ಸ್ಕ್ಯಾನನ್ನು ತೆಳುವಾದ ಪದರಗಳಲ್ಲಿ ಮತ್ತೆ ನೋಡಿ ಈ ಅಂಕವನ್ನು ಅಳೆದು ಹೇಳುವಂತೆ ರೇಡಿಯಾಲಜಿಸ್ಟರನ್ನು ಕೇಳಿ; ಹೊಸ ಸ್ಕ್ಯಾನ್ ಬೇಕಾಗಿಲ್ಲ, ಇರುವುದರಲ್ಲೇ ಅಳೆಯಬಹುದು. ಪ್ಯಾಪಿಲೋಮಾ ಇದಕ್ಕಿಂತ ಬೇರೆ ಜಾತಿಯದು. ಹೂಕೋಸಿನಂತೆ ಒರಟಾದ ಮೈ, ಕೆಲವರಲ್ಲಿ ಎಚ್‌ಪಿವಿ ವೈರಸ್ಸಿನ 6 ಮತ್ತು 11ನೆಯ ಬಗೆಗಳ ಸಂಬಂಧ, ತೆಗೆದರೂ ಮತ್ತೆ ಮೊಳೆಯುವ ಹಟ, ಕೆಲವೊಮ್ಮೆ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ. ನುಣುಪಾದ ಗಂಟು ಎಂಬ ವರ್ಣನೆಗೆ ಅದು ಅಷ್ಟಾಗಿ ಹೊಂದುವುದಿಲ್ಲ.

ಇವುಗಳ ಹೊರಗೆ ಗಡ್ಡೆಯೇ ಅಲ್ಲದ ಎರಡು ಸಾಧ್ಯತೆಗಳಿವೆ. ಒಂದು, ಶ್ವಾಸನಾಳದ ಕ್ಷಯ. ಅದು ಕೆಲವೊಮ್ಮೆ ದುರ್ಮಾಂಸದಂತೆ ಉಬ್ಬಿ ನಿಲ್ಲುತ್ತದೆ, ಔಷಧಿಗೇ ಕರಗುತ್ತದೆ. ಇನ್ನೊಂದು, ಎಂದೋ ಕೆಮ್ಮುತ್ತ ಊಟ ಮಾಡುವಾಗ ಒಳಗಿಳಿದು ಸಿಕ್ಕಿಕೊಂಡ ಮೂಳೆಯ ಚೂರೋ ಕಾಳೋ, ಅದರ ಸುತ್ತ ಬೆಳೆದ ದುರ್ಮಾಂಸ. 1897ರಲ್ಲಿ ಗುಸ್ತಾವ್ ಕಿಲಿಯನ್ ಎಂಬ ಜರ್ಮನ್ ವೈದ್ಯರು ಮೊದಲ ಬಾರಿಗೆ ಶ್ವಾಸನಾಳದೊಳಗೆ ಲೋಹದ ಕೊಳವೆ ಇಳಿಸಿ ಹೊರತೆಗೆದದ್ದು ಒಂದು ಮೂಳೆಯ ಚೂರನ್ನು. ಇಂದಿಗೂ ‘ಗಡ್ಡೆ’ ಎಂದು ಬಂದವರ ಎದೆಯಿಂದ ಅಂಥದ್ದೇ ಏನಾದರೂ ಹೊರಬರುವುದುಂಟು. ತಂದೆಯವರಿಗೆ ಎಂದಾದರೂ ಊಟದ ನಡುವೆ ಜೋರಾಗಿ ನೆತ್ತಿಗೇರಿದ ನೆನಪಿದೆಯೇ ಎಂದು ಒಮ್ಮೆ ಕೇಳಿ ನೋಡಿ. ಕಫವನ್ನು ಕ್ಷಯದ ಪರೀಕ್ಷೆಗೆ ಕಳುಹಿಸಿದ್ದಾರೆಯೇ ಎಂಬುದನ್ನೂ ವರದಿಗಳಲ್ಲಿ ನೋಡಿಕೊಳ್ಳಿ.

ಈಗ ಮನೆಯಲ್ಲಿ ಓಡಾಡುತ್ತಿರುವ ಮಾತುಗಳ ವಿಷಯ. ಬಯಾಪ್ಸಿಯಿಂದಾಗಲೀ ತೆಗೆಯುವುದರಿಂದಾಗಲೀ ನಿರಪಾಯಕಾರಿ ಗಂಟು ಕ್ಯಾನ್ಸರಾಗಿ ಹರಡುವುದಿಲ್ಲ. ಈ ನಂಬಿಕೆ ಹುಟ್ಟಿಕೊಂಡದ್ದು ಹೇಗೆಂದು ನನಗೆ ಅರ್ಥವಾಗುತ್ತದೆ: ಮೊದಲೇ ಹರಡಿದ್ದ ರೋಗ ಪರೀಕ್ಷೆ ಮಾಡಿದ ಮೇಲೆ ಬೆಳಕಿಗೆ ಬಂದಾಗ, ಬಂಧುಗಳ ಕಣ್ಣಿಗೆ ಪರೀಕ್ಷೆಯೇ ಅಪರಾಧಿಯಾಗಿ ಕಾಣುತ್ತದೆ. ಇನ್‌ಹೇಲರಿನ ಮೇಲಿನ ಸಂಶಯವೂ ಇಂಥದ್ದೇ. ಇನ್‌ಹೇಲರಿನ ಔಷಧಿಗಳು ಹಮಾರ್ಟೋಮಾವನ್ನಾಗಲೀ ಲೈಪೋಮಾವನ್ನಾಗಲೀ ಹುಟ್ಟಿಸುವುದಿಲ್ಲ. ಹಾಗೆಂದು ಸಂಶಯದ ಒಂದು ಎಳೆಯಲ್ಲಿ ನಿಜವಿದೆ ಎಂಬುದನ್ನೂ ಮುಚ್ಚಿಡಬಾರದು: ಸ್ಟೀರಾಯ್ಡ್ ಇರುವ ಇನ್‌ಹೇಲರ್ ಬಳಸುವ ಸಿಒಪಿಡಿ ರೋಗಿಗಳಲ್ಲಿ ನ್ಯುಮೋನಿಯಾ ಬರುವ ಸಾಧ್ಯತೆ ತುಸು ಹೆಚ್ಚು. ಆದರೆ ಔಷಧಿಯ ಕಾರಣದಿಂದ ಬರುವ ಸೋಂಕು ಎರಡು ಬಾರಿಯೂ ಹುಡುಕಿಕೊಂಡು ಅದೇ ಕೆಳಹಾಲೆಗೇ ಹೋಗಬೇಕಾಗಿಲ್ಲ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ನ್ಯುಮೋನಿಯಾ ಎಂದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಏನೋ ಅಡ್ಡ ಇದೆ ಎಂದು ಸಂಶಯಪಡಬೇಕು, ಇಲ್ಲಿ ಆ ಅಡ್ಡ ಕಣ್ಣಿಗೇ ಕಂಡಿದೆ. ಸ್ಟೀರಾಯ್ಡ್ ತಂದೆಯವರಿಗೆ ನಿಜಕ್ಕೂ ಬೇಕೇ ಎಂಬುದನ್ನು ಮುಂದಿನ ಭೇಟಿಯಲ್ಲಿ ವೈದ್ಯರೊಡನೆ ಚರ್ಚಿಸಿ. ಅಲ್ಲಿಯವರೆಗೆ ನೀವಾಗಿಯೇ ನಿಲ್ಲಿಸಬೇಡಿ.

ಏದುಸಿರಿನಲ್ಲಿ ಗಂಟಿನ ಪಾಲು ಎಷ್ಟು ಎಂಬ ಎರಡನೆಯ ಪ್ರಶ್ನೆಗೆ ಬರುತ್ತೇನೆ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ಇಂಥ ಗಂಟುಗಳು ತಡವಾಗಿ ಪತ್ತೆಯಾಗುವುದಕ್ಕೆ ಮುಖ್ಯ ಕಾರಣ, ಕೆಮ್ಮು, ಕಫ, ಏದುಸಿರು, ಉಬ್ಬಸ ಎಲ್ಲವನ್ನೂ ಹಳೆಯ ಕಾಯಿಲೆಯ ತಲೆಗೇ ಕಟ್ಟುವುದು. ಇನ್‌ಹೇಲರಿನ ಪ್ರಮಾಣ ಏರುತ್ತ ಹೋಗುತ್ತದೆ, ಗಂಟು ತನ್ನ ಪಾಡಿಗೆ ಬೆಳೆಯುತ್ತ ಹೋಗುತ್ತದೆ. ಆದರೆ ಸಿಒಪಿಡಿಯ ಉಬ್ಬಸ ಎರಡೂ ಎದೆಯಲ್ಲಿ, ಹಲವು ಸ್ವರಗಳಲ್ಲಿ, ಎಲ್ಲೆಲ್ಲೂ ಕೇಳುತ್ತದೆ. ನಾಳದಲ್ಲಿ ಗಂಟಿರುವಾಗ ಒಂದೇ ಪಕ್ಕದಲ್ಲಿ, ಒಂದೇ ಸ್ವರದ ಸುಯ್ಯೆನ್ನುವ ಶಬ್ದ ಕೇಳುತ್ತದೆ, ಮಗ್ಗುಲು ಬದಲಿಸಿದರೆ ಕೆಲವೊಮ್ಮೆ ಆ ಶಬ್ದವೂ ಬದಲಾಗುತ್ತದೆ. ಸ್ಟೆತಸ್ಕೋಪನ್ನು ಬೆನ್ನಿನ ಎಡಗಡೆ ಕೆಳಗೆ ಇಟ್ಟು, ರೋಗಿಗೆ ಪೂರ್ತಿ ಉಸಿರು ಬಿಡಲು ಹೇಳಿ, ಕೊನೆಯವರೆಗೂ ಕಾಯುವ ತಾಳ್ಮೆ ಇದ್ದರೆ ಅನೇಕ ಬಾರಿ ಸ್ಕ್ಯಾನಿಗೂ ಮೊದಲೇ ಸುಳಿವು ಸಿಗುತ್ತದೆ. ಗದ್ದಲದ ಹೊರರೋಗಿ ವಿಭಾಗದಲ್ಲಿ ಆ ಹತ್ತು ಸೆಕೆಂಡು ನಮ್ಮಲ್ಲಿ ಎಷ್ಟೋ ಜನ ಕಾಯುವುದಿಲ್ಲ.

ತೊಟ್ಟಿರುವ ಗಂಟು ನಾಳದ ಬಾಯಲ್ಲಿ ಮಾಡುವ ಕೆಲಸವನ್ನು ಬ್ರಾಂಕೋಸ್ಕೋಪಿನ ಪರದೆಯಲ್ಲಿ ನೋಡಿದವರು ಮರೆಯುವುದಿಲ್ಲ. ಉಸಿರು ಎಳೆದಾಗ ನಾಳ ತುಸು ಅಗಲವಾಗಿ ಗಂಟು ಒಳಗೆ ವಾಲುತ್ತದೆ, ಪಕ್ಕದ ಸಂದಿನಲ್ಲಿ ಗಾಳಿ ಒಳಹೋಗುತ್ತದೆ. ಉಸಿರು ಬಿಡುವಾಗ ನಾಳ ಕಿರಿದಾಗಿ, ಗಂಟು ಹಿಂದಕ್ಕೆ ಬಂದು ಬಾಯಿಗೆ ಬಿರಡೆಯಂತೆ ಕೂರುತ್ತದೆ. ಹೋದ ಗಾಳಿ ಹೊರಬರುವುದಿಲ್ಲ. ಸಿಒಪಿಡಿಯ ಮೂಲ ತೊಂದರೆಯೇ ಗಾಳಿ ಹೊರಹೋಗದೆ ಒಳಗೆ ಸಿಕ್ಕಿಕೊಳ್ಳುವುದಾದ್ದರಿಂದ ಈ ಗಂಟು ಗಾಯದ ಮೇಲೆ ಬರೆ ಎಳೆದಂತೆ. ಇದರ ಹಿಂದೆ ಕಫವೂ ನಿಲ್ಲುತ್ತದೆ, ನಿಂತ ಕಫದಲ್ಲಿ ಸೋಂಕು ಹುಟ್ಟುತ್ತದೆ. ಇನ್ನೊಂದು ಮಾತು: ಕೊಳವೆಯಲ್ಲಿ ಗಾಳಿ ಸರಾಗವಾಗಿ ಹರಿಯುವಾಗ ಅದರ ತ್ರಿಜ್ಯ ಅರ್ಧವಾದರೆ ತಡೆ ಎರಡು ಪಟ್ಟಲ್ಲ, 16 ಪಟ್ಟು ಹೆಚ್ಚುತ್ತದೆ. ಆದ್ದರಿಂದಲೇ ಅಷ್ಟು ದಿನ ಸುಮ್ಮನಿದ್ದ ಗಂಟು, ಒಂದೆರಡು ಮಿಲಿಮೀಟರ್ ಬೆಳೆದ ಕೂಡಲೇ ತೊಂದರೆ ಕೊಡಲು ಶುರು ಮಾಡುತ್ತದೆ.

ಹಾಗಾದರೆ ಏದುಸಿರಿನಲ್ಲಿ ಗಂಟಿನ ಪಾಲು ಎಷ್ಟು? ಇದನ್ನು ಪೂರ್ತಿ ನಿಖರವಾಗಿ ಅಳೆಯಲು ಬರುವುದಿಲ್ಲ, ಅಂದಾಜು ಮಾಡಬಹುದು. ಹಳೆಯ ಸ್ಪೈರೋಮೆಟ್ರಿ (ಊದಿಸಿ ಉಸಿರಿನ ಸಾಮರ್ಥ್ಯ ಅಳೆಯುವ ಪರೀಕ್ಷೆ) ವರದಿಗಳನ್ನು ಹುಡುಕಿ ತೆಗೆಯಿರಿ. ಎಫ್‌ಇವಿ1, ಅಂದರೆ ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣ, ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಇಳಿಯುತ್ತ ಬಂದಿದ್ದರೆ ಅದು ಸಿಒಪಿಡಿಯ ನಡೆ. ಎರಡು ವರ್ಷಗಳ ಹಿಂದೆ ಶೇ 55ರ ಸುಮಾರಿನಲ್ಲಿ ಇದ್ದದ್ದು ಒಮ್ಮೆಗೇ 46ಕ್ಕೆ ಕುಸಿದಿದ್ದರೆ ಗಂಟಿನ ಮೇಲೆ ಸಂಶಯ ಬಲವಾಗುತ್ತದೆ. ಉಸಿರು ಬಿಟ್ಟು ತೆಗೆದ ಸಿ.ಟಿ. ಚಿತ್ರದಲ್ಲಿ ಎಡ ಕೆಳಹಾಲೆ ಮಾತ್ರ ಕಪ್ಪಾಗಿ ಉಬ್ಬಿ ನಿಂತಿದ್ದರೆ ಗಾಳಿ ಅಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯುತ್ತದೆ. ಆದರೂ ಮೂಲಕಾಯಿಲೆ ಇರುವುದು ಎರಡೂ ಶ್ವಾಸಕೋಶಗಳ ತುಂಬ, ಗಂಟು ಮುಚ್ಚಿರುವುದು ಒಂದು ಹಾಲೆಯ ಬಾಯನ್ನು. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ಇಲ್ಲೇ ಉತ್ತರಿಸಿಬಿಡುತ್ತೇನೆ: ಗಂಟು ಹೋದರೆ ಮರುಕಳಿಸುವ ನ್ಯುಮೋನಿಯಾ ನಿಲ್ಲುವ ಸಾಧ್ಯತೆ ಚೆನ್ನಾಗಿದೆ, ಏದುಸಿರು ಒಂದಿಷ್ಟು ಹಗುರವಾಗಬಹುದು, ಸಿಒಪಿಡಿ ಹೋಗುವುದಿಲ್ಲ, ಇನ್‌ಹೇಲರ್ ಮುಂದುವರಿಯುತ್ತದೆ. ಇದನ್ನು ತಂದೆಯವರಿಗೂ ಮೊದಲೇ ತಿಳಿಸಿ. ಚಿಕಿತ್ಸೆ ಚೆನ್ನಾಗಿಯೇ ಆಗಿ, ‘ಇನ್ನೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದಲ್ಲ’ ಎಂದು ನಿರಾಶರಾದವರನ್ನು ನಾನು ಬಹಳ ಕಂಡಿದ್ದೇನೆ.

ಮುಂದಿರುವ ದಾರಿಗಳಲ್ಲಿ ಮೊದಲನೆಯದು ಕಾಯುವುದು. ಹೆಸರು ಖಚಿತವಾಗಿ ಗೊತ್ತಾಗಿರುವ, ನಾಳದ ಸ್ವಲ್ಪ ಭಾಗವನ್ನಷ್ಟೇ ಆವರಿಸಿರುವ, ಯಾವ ತೊಂದರೆಯನ್ನೂ ಕೊಡದ ಗಂಟನ್ನು ಸ್ಕ್ಯಾನಿನಲ್ಲಿ ಗಮನಿಸುತ್ತ ಬಿಡಬಹುದು. ತೀರಾ ದುರ್ಬಲರಾದವರಲ್ಲಿ ಅದೇ ಸರಿಯಾದ ಚಿಕಿತ್ಸೆಯೂ ಆಗುತ್ತದೆ. ನಿಮ್ಮ ತಂದೆಯವರಲ್ಲಿ ಈ ಮೂರು ಷರತ್ತುಗಳಲ್ಲಿ ಒಂದೂ ಪೂರೈಸಿಲ್ಲ. ಪ್ರತಿಯೊಂದು ನ್ಯುಮೋನಿಯಾ ಶ್ವಾಸಕೋಶದ ಶಕ್ತಿಯನ್ನು ಇನ್ನಷ್ಟು ಕಿತ್ತುಕೊಳ್ಳುತ್ತದೆ, ಮತ್ತು ತಡೆಯ ಹಿಂದೆ ಬಹುಕಾಲ ಸೋಂಕಿನಲ್ಲಿ ಇದ್ದ ಹಾಲೆಯ ನಾಳಗಳು ಒಮ್ಮೆ ಹಿಗ್ಗಿ ಹಾಳಾದರೆ ಆಮೇಲೆ ಬಾಯಿ ತೆರೆದರೂ ಸರಿಹೋಗುವುದಿಲ್ಲ. ಹಿರಿಯರ ಕಾಳಜಿಯನ್ನು ಗೌರವಿಸಿಯೇ ಹೇಳುತ್ತೇನೆ, ಇಲ್ಲಿ ಕೆಣಕದೆ ಬಿಡುವುದು ಅಪಾಯವಿಲ್ಲದ ಆಯ್ಕೆಯಲ್ಲ. ಇನ್ನು ಔಷಧಿಯಿಂದ ಕರಗಿಸುವ ಮಾತು: ಹಮಾರ್ಟೋಮಾ, ಲೈಪೋಮಾಗಳನ್ನು ಕರಗಿಸುವ ಗುಳಿಗೆಯಾಗಲೀ ಕಷಾಯವಾಗಲೀ ಇಲ್ಲ.

ನಾನು ಮೊದಲ ಆಯ್ಕೆಯಾಗಿ ನೋಡುವುದು ಬಾಯಿಯ ಮೂಲಕ ತೆಗೆಯುವುದನ್ನು. ತೊಟ್ಟು ಇರುವುದು ಇಲ್ಲಿ ದೊಡ್ಡ ಅನುಕೂಲ. ತೆಳುತಂತಿಯ ಕುಣಿಕೆಯನ್ನು ಗಂಟಿನ ಕೊರಳಿಗೆ ಹಾಕಿ, ಬಿಗಿದು, ವಿದ್ಯುತ್ತಿನ ಶಾಖದಿಂದ ತೊಟ್ಟನ್ನು ಕತ್ತರಿಸುತ್ತಾರೆ. ಕತ್ತರಿಸಿದ ಜಾಗದಿಂದ ರಕ್ತ ಜಿನುಗದಂತೆ ಅದೇ ಶಾಖ ನೋಡಿಕೊಳ್ಳುತ್ತದೆ. ಬುಡದಲ್ಲಿ ಉಳಿದದ್ದನ್ನು ಆರ್ಗಾನ್ ಅನಿಲದ ಮೂಲಕ ವಿದ್ಯುತ್ ಹಾಯಿಸಿ ಎರಡು ಮೂರು ಮಿಲಿಮೀಟರ್ ಆಳಕ್ಕೆ ಸುಡಬಹುದು, ಅಥವಾ ಲೇಸರ್ ಬಳಸಬಹುದು. ಇದರ ಬಹು ದೊಡ್ಡ ಲಾಭವೆಂದರೆ ಗಂಟು ಇಡಿಯಾಗಿ ರೋಗಶಾಸ್ತ್ರಜ್ಞರ ಕೈ ಸೇರುತ್ತದೆ, ಅಂದರೆ ನಮಗೆ ಬೇಕಾಗಿದ್ದ ಹೆಸರು ಕೊನೆಗೂ ಸಿಗುತ್ತದೆ. ಪರೀಕ್ಷೆ ಮತ್ತು ಚಿಕಿತ್ಸೆ ಎರಡೂ ಒಂದೇ ಅರಿವಳಿಕೆಯಲ್ಲಿ ಮುಗಿಯುತ್ತವೆ.

ಶೀತದಿಂದ ತೆಗೆಯುವ ವಿಧಾನವೂ ಇದೆ. ತುದಿಯನ್ನು ಸೊನ್ನೆಗಿಂತ ಬಹಳ ಕೆಳಗಿನ ತಾಪಮಾನಕ್ಕೆ ಇಳಿಸಿದ ಸಲಾಕೆಯನ್ನು ಗಂಟಿಗೆ ತಾಗಿಸಿದರೆ, ಹಿಮಗಟ್ಟಿದ ಲೋಹಕ್ಕೆ ಒದ್ದೆ ಬೆರಳು ಅಂಟುವಂತೆ ಗಂಟು ಅದಕ್ಕೆ ಅಂಟಿಕೊಳ್ಳುತ್ತದೆ. ಆಗ ಎಳೆದು ತೆಗೆಯುತ್ತಾರೆ. ನೀರಿನಂಶ ಹೆಚ್ಚಿರುವ ಅಂಗಾಂಶ ಚೆನ್ನಾಗಿ ಹೆಪ್ಪುಗಟ್ಟುತ್ತದೆ, ಕೊಬ್ಬು ಮತ್ತು ಮೃದ್ವಸ್ಥಿ ಅಷ್ಟಾಗಿ ಜಗ್ಗುವುದಿಲ್ಲ. ಹಾಗಾಗಿ ಕೊಬ್ಬಿನ ಗಂಟನ್ನು ಬರೀ ಶೀತದಿಂದ ಸಾಯಿಸುತ್ತೇನೆಂದು ಹೊರಡುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಯೋಜನೆಯಲ್ಲ. ಸಿ.ಟಿ.ಯಲ್ಲಿ ಆ ಅಂಕವನ್ನು ಮೊದಲೇ ಅಳೆಯಿಸಿ ಎಂದು ನಾನು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಶಾಖವೋ ಶೀತವೋ ಎಂಬ ಆಯ್ಕೆಯಲ್ಲಿ ಸಿಒಪಿಡಿ ನೇರವಾಗಿ ಬಂದು ಕೂರುವುದು ಆಮ್ಲಜನಕದ ವಿಷಯದಲ್ಲಿ. ಶ್ವಾಸನಾಳದೊಳಗೆ ಕಿಡಿ, ಪಕ್ಕದಲ್ಲೇ ದಟ್ಟ ಆಮ್ಲಜನಕ, ಜೊತೆಗೆ ಪ್ಲಾಸ್ಟಿಕ್ ಕೊಳವೆ: ಈ ಮೂರೂ ಸೇರಿದರೆ ಎದೆಯೊಳಗೇ ಬೆಂಕಿ ಹೊತ್ತಿಕೊಳ್ಳಬಹುದು. ಇದನ್ನು ತಪ್ಪಿಸಲು ಲೇಸರನ್ನಾಗಲೀ ವಿದ್ಯುತ್ತಿನ ಕುಣಿಕೆಯನ್ನಾಗಲೀ ಬಳಸುವ ಹೊತ್ತಿನಲ್ಲಿ ಕೊಡುವ ಆಮ್ಲಜನಕವನ್ನು ಶೇ 40ಕ್ಕಿಂತ ಕೆಳಗೆ ಇಳಿಸಬೇಕು. ಆರೋಗ್ಯವಂತರಿಗೆ ಇದು ಏನೂ ಅಲ್ಲ. ವಿಶ್ರಾಂತಿಯಲ್ಲೇ ಶೇ 92 ಇರುವವರ ಮಟ್ಟ ಅರಿವಳಿಕೆಯ ನಡುವೆ ಕುಸಿಯಬಹುದು, ಆಗ ಕೆಲಸವನ್ನು ಕೆಲವೇ ಸೆಕೆಂಡುಗಳ ಕಂತುಗಳಲ್ಲಿ ಮಾಡಿ, ನಿಲ್ಲಿಸಿ, ಮಟ್ಟ ಏರಲು ಬಿಟ್ಟು ಮತ್ತೆ ಮುಂದುವರಿಯಬೇಕಾಗುತ್ತದೆ. ಅದೂ ಸಾಧ್ಯವಾಗದಷ್ಟು ಆಮ್ಲಜನಕ ಬೇಕಾದವರಿಗೆ ಕಿಡಿಯಿಲ್ಲದ ವಿಧಾನಗಳೇ ಗತಿ, ಅವುಗಳಲ್ಲಿ ರಕ್ತಸ್ರಾವದ ಅಪಾಯ ತುಸು ಹೆಚ್ಚಾದರೂ ಸಹ. ಶ್ವಾಸನಾಳದಲ್ಲಿ ರಕ್ತ ಎಷ್ಟು ಹೋಯಿತು ಎಂಬುದಕ್ಕಿಂತ ಅದು ಎಲ್ಲಿಗೆ ಹೋಯಿತು ಎಂಬುದು ಮುಖ್ಯ. ಅರ್ಧ ಲೋಟ ರಕ್ತ ದೇಹಕ್ಕೆ ನಷ್ಟವಲ್ಲ, ಆದರೆ ಕೆಲಸ ಮಾಡುತ್ತಿರುವ ಬಲ ಶ್ವಾಸಕೋಶಕ್ಕೆ ಅದು ಇಳಿದರೆ ಪ್ರಾಣಾಪಾಯ. ತಂದೆಯವರಿಗೆ ಪೇಸ್‌ಮೇಕರ್ ಇದ್ದರೆ ಅಥವಾ ರಕ್ತ ತೆಳುವಾಗಿಸುವ ಗುಳಿಗೆ ನಡೆಯುತ್ತಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಕ್ಲೋಪಿಡೋಗ್ರೆಲ್ ಇದ್ದರೆ ಸಾಮಾನ್ಯವಾಗಿ 5ರಿಂದ 7 ದಿನ ಮೊದಲು ನಿಲ್ಲಿಸಬೇಕಾಗುತ್ತದೆ, ಅದೂ ಹೃದಯದ ವೈದ್ಯರ ಒಪ್ಪಿಗೆಯ ಮೇಲೆ.

ಇಂಥ ಶ್ವಾಸಕೋಶ ಅರಿವಳಿಕೆಯನ್ನು ತಡೆದೀತೇ ಎಂದು ಕೇಳಿದ್ದೀರಿ. ಎಫ್‌ಇವಿ1 ಶೇ 46 ಎಂಬುದು ಎಚ್ಚರಿಕೆ ಬೇಡುವ ಅಂಕಿ, ಬಾಗಿಲು ಮುಚ್ಚುವ ಅಂಕಿಯಲ್ಲ. ಅದಕ್ಕಿಂತ ನಾನು ಹೆಚ್ಚು ಗಮನಿಸುವುದು ರಕ್ತದಲ್ಲಿನ ಇಂಗಾಲದ ಡೈಆಕ್ಸೈಡನ್ನು. ಬೆರಳಿಗೆ ಹಾಕುವ ಆಕ್ಸಿಮೀಟರ್ ಅದನ್ನು ತೋರಿಸುವುದಿಲ್ಲ, ಅಪಧಮನಿಯಿಂದ ರಕ್ತ ತೆಗೆದೇ ನೋಡಬೇಕು. ಅದು ಮೊದಲೇ ಏರಿದ್ದರೆ ಅರಿವಳಿಕೆಯ ಬಳಿಕ ನಿದ್ದೆಮಂಪರಿನಲ್ಲಿ ಇನ್ನಷ್ಟು ಏರುತ್ತದೆ; ಅಂಥವರಿಗೆ ಆಮ್ಲಜನಕವನ್ನು ಶೇ 88ರಿಂದ 92ರೊಳಗೆ ಇರುವಂತೆ ಅಳೆದು ಕೊಡಬೇಕು, ಧಾರಾಳವಾಗಿ ಕೊಟ್ಟಷ್ಟೂ ಒಳ್ಳೆಯದಲ್ಲ. ಅಗತ್ಯ ಬಿದ್ದರೆ ಮುಖವಾಡದ ಮೂಲಕ ಉಸಿರಿಗೆ ಬೆಂಬಲ ಕೊಡುವ ಯಂತ್ರವನ್ನು ಒಂದೆರಡು ರಾತ್ರಿ ಬಳಸುವ ಸಿದ್ಧತೆ ಇರಬೇಕು. ಲೋಹದ ಗಟ್ಟಿ ಕೊಳವೆಯ ಬ್ರಾಂಕೋಸ್ಕೋಪಿಯಲ್ಲಿ ರಭಸದ ಗಾಳಿಯ ಚಿಮ್ಮುಗಳಿಂದ ಉಸಿರು ಕೊಡುವ ಪದ್ಧತಿಯಿದೆ. ಸಿಒಪಿಡಿ ಇರುವವರಲ್ಲಿ ಪ್ರತಿ ಚಿಮ್ಮಿನ ನಂತರ ಗಾಳಿ ಹೊರಬರಲು ಸಾಕಷ್ಟು ಸಮಯ ಬಿಡದಿದ್ದರೆ ಶ್ವಾಸಕೋಶ ಉಬ್ಬುತ್ತ ಹೋಗಿ ಒಡೆಯುವ ಭಯವಿದೆ. ಇದೆಲ್ಲ ಗೊತ್ತಿರುವ ಅರಿವಳಿಕೆ ತಜ್ಞರು, ಬ್ರಾಂಕೋಸ್ಕೋಪಿಸ್ಟ್, ಹಾಗೂ ಎದೆಯ ಶಸ್ತ್ರಚಿಕಿತ್ಸಕರು ಒಂದೇ ಸೂರಿನಡಿ ಇರುವ ಕಡೆ ಮಾಡಿಸಿ. ಬ್ರಾಂಕೋಸ್ಕೋಪಿಸ್ಟರ ಕೈಚಳಕಕ್ಕಿಂತ, ಎಡವಟ್ಟಾದಾಗ ಪಕ್ಕದಲ್ಲಿ ಯಾರಿರುತ್ತಾರೆ ಎಂಬುದು ಇಂಥವರಲ್ಲಿ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಸಮಯದ ಆಯ್ಕೆಯೂ ಅಷ್ಟೇ ಮುಖ್ಯ, ಗಾಳಿ ಬಂದಾಗಲೇ ತೂರಿಕೊಳ್ಳಬೇಕು. ನ್ಯುಮೋನಿಯಾದ ಬಿಸಿಯಲ್ಲೇ, ಉಬ್ಬಸ ಕೆರಳಿರುವಾಗಲೇ ಆತುರಪಟ್ಟು ಮಾಡಿಸಬೇಡಿ. ಸೋಂಕು ಇಳಿದು, ಕಫದ ಬಣ್ಣ ತಿಳಿಯಾಗಿ, ನಡಿಗೆ ಮೊದಲಿನಂತಾದ ವಾರಗಳಲ್ಲಿ ಮಾಡಿಸಿ. ಹಾಗೆಂದು ಮೂರನೆಯ ನ್ಯುಮೋನಿಯಾ ಬರುವಷ್ಟು ಮುಂದೂಡಬೇಡಿ. ಆ ನಡುವಿನ ದಿನಗಳನ್ನು ತಂದೆಯವರ ಇನ್‌ಹೇಲರ್ ಎಳೆಯುವ ಕ್ರಮವನ್ನು ವೈದ್ಯರ ಎದುರು ಮತ್ತೊಮ್ಮೆ ತೋರಿಸಿ ತಿದ್ದಿಕೊಳ್ಳಲು, ದಿನವೂ ಸ್ವಲ್ಪ ಸ್ವಲ್ಪ ನಡೆಯಲು, ಫಿಸಿಯೋಥೆರಪಿಯವರಿಂದ ಕಫ ಹೊರಹಾಕುವ ಉಸಿರಿನ ಅಭ್ಯಾಸ ಕಲಿಯಲು ಬಳಸಿ. ಬೆಳಗ್ಗೆ ಚಿಕಿತ್ಸೆಗೆ ಹೋಗುವ ಮುನ್ನ ಇನ್‌ಹೇಲರನ್ನು ತಪ್ಪದೆ ತೆಗೆದುಕೊಳ್ಳಲಿ. ‘ಏನೂ ತೆಗೆದುಕೊಳ್ಳಬೇಡಿ’ ಎಂಬ ಸೂಚನೆಯನ್ನು ಇನ್‌ಹೇಲರಿಗೂ ಅನ್ವಯಿಸಿಕೊಂಡು, ಸುಯ್‌ಗುಡುತ್ತ ಬಂದು, ಹಾಗೆಯೇ ಮನೆಗೆ ಮರಳಿದವರಿದ್ದಾರೆ.

ಇನ್ನು ಹಾಲೆಯನ್ನೇ ತೆಗೆಯುವ ಸಲಹೆ. ಅದನ್ನು ಕೊಟ್ಟ ವೈದ್ಯರು ತಪ್ಪು ಹೇಳಿದ್ದಾರೆಂದು ನಾನು ಹೇಳಲಾರೆ. ಗಂಟು ಕಾರ್ಸಿನಾಯ್ಡ್ ಅಥವಾ ಬೇರೆ ಕ್ಯಾನ್ಸರ್ ಎಂದಾದರೆ, ನಾಳದೊಳಗೆ ಕಾಣುವುದು ತುದಿ ಮಾತ್ರವಾಗಿ ಉಳಿದ ದೊಡ್ಡ ಭಾಗ ಗೋಡೆಯ ಆಚೆ ಬೆಳೆದಿದ್ದರೆ, ಅಥವಾ ಹಿಂದಿನ ಹಾಲೆ ಸೋಂಕಿನಿಂದ ಪೂರ್ತಿ ಹಾಳಾಗಿದ್ದರೆ ಶಸ್ತ್ರಚಿಕಿತ್ಸೆಯೇ ಸರಿ. ಅದರ ಬೆಲೆಯನ್ನು ಲೆಕ್ಕ ಹಾಕಲು ಒಂದು ಸರಳ ಕ್ರಮವಿದೆ. ಎರಡೂ ಶ್ವಾಸಕೋಶಗಳನ್ನು ಸೇರಿಸಿ 19 ಖಂಡಗಳೆಂದು ಎಣಿಸುತ್ತೇವೆ, ಎಡ ಕೆಳಹಾಲೆಯಲ್ಲಿ 4. ಎಲ್ಲ ಖಂಡಗಳೂ ಸಮನಾಗಿ ದುಡಿಯುತ್ತಿವೆ ಎಂದುಕೊಂಡರೆ, ಆ 4 ಹೋದ ಮೇಲೆ 46ರಲ್ಲಿ ಉಳಿಯುವುದು ಸುಮಾರು 36. ಈ ಅಂದಾಜು ಶೇ 60ಕ್ಕಿಂತ ಮೇಲಿದ್ದರೆ ಅಪಾಯ ಕಡಿಮೆ, 30ಕ್ಕಿಂತ ಕೆಳಗಾದರೆ ಬಹಳ ಹೆಚ್ಚು, ನಡುವಿನವರಿಗೆ ನಡೆಸಿ ಅಥವಾ ಸೈಕಲ್ ತುಳಿಸಿ ಮಾಡುವ ಹೆಚ್ಚಿನ ಪರೀಕ್ಷೆಗಳು ಬೇಕು. ಅನಿಲ ರಕ್ತಕ್ಕೆ ದಾಟುವ ಸಾಮರ್ಥ್ಯದ ಪರೀಕ್ಷೆಯನ್ನೂ ಇದೇ ರೀತಿ ಲೆಕ್ಕ ಹಾಕುತ್ತಾರೆ. ತಂದೆಯವರು ಈ ನಡುವಿನ ಗುಂಪಿನಲ್ಲಿದ್ದಾರೆ. ಗಂಟು ಮುಚ್ಚಿರುವ ಹಾಲೆ ಈಗಲೇ ಅರೆಬರೆ ದುಡಿಯುತ್ತಿರುವುದರಿಂದ ನಿಜವಾದ ನಷ್ಟ ಇದಕ್ಕಿಂತ ಕಡಿಮೆಯೇ ಇರಬಹುದು, ಅದು ಅವರ ಪರವಾದ ಅಂಶ. ಆದರೂ ಬಾಯಿ ತೆರೆದರೆ ಬದುಕಬಹುದಾದ ಹಾಲೆಯನ್ನು, ಅದೂ ಉಸಿರಿನ ಪ್ರತಿ ಗುಟುಕೂ ಬೇಕಾದವರಲ್ಲಿ, ಮೊದಲೇ ಕಳೆದುಕೊಳ್ಳುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಬಾಯಿಯ ಮೂಲಕ ತೆಗೆದ ಮೇಲೆ ಶಸ್ತ್ರಚಿಕಿತ್ಸೆಯ ದಾರಿ ಹಾಗೆಯೇ ಉಳಿದಿರುತ್ತದೆ. ಕತ್ತರಿಸಿ ತೆಗೆದ ಹಾಲೆಯನ್ನು ಮತ್ತೆ ಜೋಡಿಸಲಾಗದು.

ಯಾರಾದರೂ ನಾಳ ಮತ್ತೆ ಮುಚ್ಚಿಕೊಳ್ಳದಂತೆ ಲೋಹದ ಸ್ಟೆಂಟ್ ಹಾಕೋಣವೆಂದರೆ, ಏಕೆಂದು ಎರಡು ಬಾರಿ ಕೇಳಿ. ಕ್ಯಾನ್ಸರ್ ಅಲ್ಲದ ತೊಂದರೆಗಳಿಗೆ ಶ್ವಾಸನಾಳದಲ್ಲಿ ಲೋಹದ ಸ್ಟೆಂಟ್ ಬಳಸುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಅದರ ಸುತ್ತ ದುರ್ಮಾಂಸ ಬೆಳೆದು, ತೆಗೆಯಲೂ ಬಾರದೆ ಇರಿಸಲೂ ಬಾರದೆ ಒದ್ದಾಡಬೇಕಾಗುತ್ತದೆ. ತೊಟ್ಟಿರುವ ಗಂಟನ್ನು ತೆಗೆದ ಮೇಲೆ ಸಾಮಾನ್ಯವಾಗಿ ಅದರ ಅಗತ್ಯವೇ ಬೀಳುವುದಿಲ್ಲ.

ಗಂಟು ಹೋದ ಮೊದಲ ಒಂದೆರಡು ದಿನ ಕಫ ಹೆಚ್ಚಾಗುತ್ತದೆ, ಅದರಲ್ಲಿ ರಕ್ತದ ಎಳೆ ಕಾಣಬಹುದು. ಬಿರಡೆಯ ಹಿಂದೆ ಕಟ್ಟಿಕೊಂಡಿದ್ದ ಕೀವಿನಂಥ ಕಫ ಒಮ್ಮೆಗೇ ಸಡಿಲವಾಗುವುದೇ ಇದಕ್ಕೆ ಕಾರಣ; ಅದು ಇತರ ಭಾಗಗಳಿಗೆ ಇಳಿಯದಂತೆ ಚಿಕಿತ್ಸೆಯ ಮೇಜಿನ ಮೇಲೆಯೇ ಸಾಧ್ಯವಾದಷ್ಟು ಹೀರಿ ತೆಗೆಯುತ್ತಾರೆ. ನಾನಾಗಿದ್ದರೆ ಒಂದು ರಾತ್ರಿಯಾದರೂ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತೇನೆ, ಎರಡು ಮೂರು ತಿಂಗಳ ನಂತರ ಸ್ಪೈರೋಮೆಟ್ರಿ ಮಾಡಿ, ಬುಡವನ್ನು ಒಮ್ಮೆ ಬ್ರಾಂಕೋಸ್ಕೋಪಿನಲ್ಲಿ ನೋಡುತ್ತೇನೆ. ಹಮಾರ್ಟೋಮಾ ಪೂರ್ತಿಯಾಗಿ ಹೋಗಿದ್ದರೆ ಮತ್ತೆ ಬರುವುದು ಅಪರೂಪ. ಪ್ಯಾಪಿಲೋಮಾ ಎಂದಾದರೆ ಮಾತ್ರ ವರ್ಷಗಳ ಕಾಲ ಕಣ್ಣಿಟ್ಟಿರಬೇಕಾಗುತ್ತದೆ.

ಮುಂದಿನ ಭೇಟಿಗೆ ಹೋಗುವಾಗ ಎಲ್ಲ ಹಳೆಯ ಸ್ಪೈರೋಮೆಟ್ರಿ ವರದಿಗಳನ್ನೂ ಸಿ.ಟಿ.ಯ ಸಿ.ಡಿ.ಯನ್ನೂ ಬಯಾಪ್ಸಿಯ ಗಾಜಿನ ಪಟ್ಟಿಗಳನ್ನೂ ಜೊತೆಗೆ ಒಯ್ಯಿರಿ. ಅಲ್ಲಿಯವರೆಗೆ ತಂದೆಯವರಿಗೆ ಕಫದಲ್ಲಿ ಒಂದು ಚಮಚಕ್ಕಿಂತ ಹೆಚ್ಚು ರಕ್ತ ಬಂದರೆ, ಚಳಿಜ್ವರ ಶುರುವಾದರೆ, ಬೆರಳಿನ ಆಕ್ಸಿಮೀಟರಿನಲ್ಲಿ ಅಂಕಿ 88ಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ, ಅಥವಾ ಅವರು ಹಗಲಿನಲ್ಲೂ ವಿಚಿತ್ರವಾಗಿ ತೂಕಡಿಸತೊಡಗಿದರೆ, ಗೊತ್ತುಪಡಿಸಿದ ದಿನಾಂಕಕ್ಕೆ ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ, ಮತ್ತು ಒಳಗೆ ಕಾಲಿಟ್ಟ ಕೂಡಲೇ ಎಡ ಶ್ವಾಸನಾಳದಲ್ಲಿ ಗಂಟಿದೆ ಎಂಬುದನ್ನು ಹೇಳಿ. ಇಲ್ಲದಿದ್ದರೆ ಅಲ್ಲಿಯೂ ಮೊದಲು ಬರೆಯುವುದು ‘ಸಿಒಪಿಡಿ ಉಲ್ಬಣ’ ಎಂದೇ.